ಮೊದಲು ಗಾಯ ಕಟ್ಟೋಣ

ಸಂತ ಲೂಕರ ಶುಭಸಂದೇಶದ ಸಮಾರಿಯದವನು ಗಾಯಾಳುವನ್ನು ಕಂಡೊಡನೆ ಎತ್ತಿಕೊಂಡು ಓಡಲಿಲ್ಲ. ಮೊದಲು ಅವನ ಗಾಯಗಳನ್ನು ಕಟ್ಟಿದನು. ಬಳಿಕವೇ ಛತ್ರಕ್ಕೆ ಒಯ್ದನು. ರಸ್ತೆ ಅಪಘಾತಗಳಲ್ಲಿ ನಾವು ಈ ಕ್ರಮವನ್ನು ಮರೆಯುತ್ತೇವೆ. ಸಿಕ್ಕಿದ ರಿಕ್ಷಾದಲ್ಲಿ ಗಾಯಾಳುವನ್ನು ಮಡಚಿ ತುಂಬುತ್ತೇವೆ.

ತೀವ್ರ ರಕ್ತಸ್ರಾವವು ಕೆಲವೇ ನಿಮಿಷಗಳಲ್ಲಿ ಪ್ರಾಣಾಪಹಾರಿ. ಆದುದರಿಂದ ಒಬ್ಬರು 108ಕ್ಕೆ ಕರೆಮಾಡುತ್ತಿರುವಾಗಲೇ ಇನ್ನೊಬ್ಬರು ಶುಭ್ರ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿಯಬೇಕು. ಕುತ್ತಿಗೆ, ಬೆನ್ನೆಲುಬು ತಿರುಚದಂತೆ ನೋಡಿಕೊಳ್ಳಬೇಕು. ಕುಡಿಯಲು ಏನನ್ನೂ ಕೊಡಬಾರದು.

ಪೊಲೀಸರ ಭಯವೇ? ಸದ್ಭಾವದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ರಕ್ಷಣೆಯಿತ್ತಿದೆ; 2020ರ ನಿಯಮಗಳಂತೆ ಹೆಸರು ತಿಳಿಸಲೂ ಒತ್ತಾಯಿಸುವಂತಿಲ್ಲ.

ಇನ್ನು ಉಳಿದಿರುವುದು ಕೈಗಳಿಗೆ ತರಬೇತಿ. ನಮ್ಮ ಧರ್ಮಕೇಂದ್ರಗಳ ಯುವಜನರು ಪ್ರಥಮ ಚಿಕಿತ್ಸೆಯನ್ನು ಕಲಿಯಲಿ. ಹಿರಿಯರಾದ ನಾವೂ ಅವರೊಡನೆ ಕುಳಿತು ಕಲಿಯೋಣ.