ಆಟದ ಅಂಗಳದ ಸಮವಸ್ತ್ರ: ವೇಷವೋ, ಲಾಂಛನವೋ?

ಕಳೆದ ಶ್ರಾವಣದಲ್ಲಿ ಒಂದು ಸಂಜೆ ಪ್ರವಚನ ಮುಗಿದು ಭಕ್ತಾದಿಗಳು ಪ್ರಸಾದಕ್ಕೆ ಎದ್ದ ಹೊತ್ತಿನಲ್ಲಿ, ನಮಗೆ ಬಹುಕಾಲದಿಂದ ಪರಿಚಿತರಾದ ಹಿರಿಯ ತಾಯಿಯೊಬ್ಬರು ಹತ್ತಿರ ಬಂದು ಶರಣು ಹೇಳಿ, ತಮ್ಮ ಫೋನಿನಲ್ಲಿದ್ದ ಒಂದು ಚಿತ್ರವನ್ನು ತೋರಿಸಿದರು. ತಲೆಗೆ ಶಿರಸ್ತ್ರಾಣ ತೊಟ್ಟು, ಕೈಯಲ್ಲಿ ದಾಂಡು ಹಿಡಿದು ನಿಂತ ಹನ್ನೊಂದು ವರ್ಷದ ಬಾಲೆ. ಅವರ ಮೊಮ್ಮಗಳು, ತಂದೆತಾಯಿಗಳೊಡನೆ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ, ಅಲ್ಲಿಯ ಬಾಲಕಿಯರ ಸಾಫ್ಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ತಂಡದ ಪಾಲಕರಲ್ಲಿ ಒಂದು ವಾದ ಎದ್ದಿತ್ತಂತೆ. ಇದುವರೆಗೆ ತೊಟ್ಟ ಸಾದಾ ಅಂಗಿಗಳನ್ನು ಬಿಟ್ಟು, ಬೆನ್ನ ಮೇಲೆ ಹೆಸರು ಮುದ್ರಿಸಿದ ಪಟ್ಟೆಪಟ್ಟೆಯ ಅಂಗಿ, ಬಿಳಿಯ ಷರಾಯಿ, ಅದಕ್ಕೊಪ್ಪುವ ಪಟ್ಟಿ, ಕಾಲುಚೀಲ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು. ನೋಡಲು ಗೆಲ್ಲುವವರಂತಿದ್ದರೆ ಮಕ್ಕಳು ಗೆಲ್ಲುವವರಂತೆಯೇ ಆಡುತ್ತಾರೆ ಎಂಬುದು ಕೆಲವರ ಮತ. ಆದರೆ ಇಬ್ಬರು ಹೆಣ್ಣುಮಕ್ಕಳನ್ನು ಅದೇ ತಂಡಕ್ಕೆ ಕಳಿಸುತ್ತಿದ್ದ ಒಂದು ಕುಟುಂಬ, ಎರಡು ಜೊತೆಯ ವಂತಿಗೆ ಕೊಡಲಾರದೆ ಮಕ್ಕಳನ್ನು ಬಿಡಿಸುವ ಯೋಚನೆಯಲ್ಲಿತ್ತು. ಮೊಮ್ಮಗಳಿಗೆ ಅದೇ ಚಿಂತೆ, ಏಕೆಂದರೆ ಆ ಇಬ್ಬರಲ್ಲಿ ಕಿರಿಯಳು ಅವಳ ಗೆಳತಿ.

"ಅರಿವಿ ಚಂದ ಇದ್ರ ಆಟ ಚಂದ ಆಗ್ತದೇನ್ರೀ, ಶಾಸ್ತ್ರಿಗಳ?" ಎಂದು ಆ ತಾಯಿ ಕೇಳಿದರು.

"ಹಂಗೇನೂ ಇರಲಿಕ್ಕಿಲ್ಲ ಬಿಡ್ರಿ, ಅವ್ವಾರ" ಎಂದು ನಾವು ಥಟ್ಟನೆ ಹೇಳಿಬಿಟ್ಟೆವು. ಅರಿಯದ ವಿಷಯದಲ್ಲಿ ಥಟ್ಟನೆ ಉತ್ತರಿಸುವುದು ಪ್ರವಚನಕಾರರಿಗೆ ಅಂಟಿದ ರೋಗ. ಆಮೇಲೆ ಮನಸ್ಸು ತಡೆಯದೆ ಒಂದಿಷ್ಟು ಓದಿದೆವು. ಉತ್ತರ ಅಷ್ಟು ಸರಳವಲ್ಲವೆಂದು ತೋರಿದ್ದರಿಂದ ಈ ಲೇಖನ.

ವಾಚಕರಲ್ಲಿ ಅನೇಕರಿಗೆ ಈ ಆಟ ಅಪರಿಚಿತವಾಗಿರಬಹುದು. 1887ರ ನವೆಂಬರಿನಲ್ಲಿ ಷಿಕಾಗೋ ನಗರದ ಫ್ಯಾರಗಟ್ ಬೋಟ್ ಕ್ಲಬ್ಬಿನಲ್ಲಿ, ದೂರದ ಒಂದು ಪಂದ್ಯದ ಫಲಿತಾಂಶಕ್ಕಾಗಿ ಕಾದಿದ್ದ ಯುವಕರು ಮುಷ್ಟಿಕಾಳಗದ ಕೈಗವಸನ್ನು ಚೆಂಡಿನಂತೆ ಕಟ್ಟಿ, ಕಸಬರಿಗೆಯ ಕೋಲನ್ನೇ ದಾಂಡು ಮಾಡಿಕೊಂಡು ಒಳಾಂಗಣದಲ್ಲಿ ಆಡಿದರು. ಜಾರ್ಜ್ ಹ್ಯಾನ್‌ಕಾಕ್ ಎಂಬವನು ಅದಕ್ಕೆ ನಿಯಮಗಳನ್ನು ಕಟ್ಟಿದನು. ಹೀಗೆ ಹುಟ್ಟಿದ ಸಾಫ್ಟ್‌ಬಾಲ್ ಬೇಸ್‌ಬಾಲಿನ ತಂಗಿ ಎನ್ನಬಹುದು. ಚೆಂಡನ್ನು ತೋಳು ಸುತ್ತಿಸಿ ಕೆಳಗಿನಿಂದ ಎಸೆಯಬೇಕು. ಹನ್ನೆರಡರೊಳಗಿನ ಬಾಲಕಿಯರಲ್ಲಿ ಎಸೆಯುವವಳಿಗೂ ಹೊಡೆಯುವವಳ ಮುಂದಿನ ತಾಣಕ್ಕೂ ಅಂತರ 40 ಅಡಿ. ಚೆಂಡು ತಲುಪಲು ಒಂದು ಸೆಕೆಂಡೂ ಬೇಕಿಲ್ಲ. ಹೊಡೆದವಳು 60 ಅಡಿಗೊಂದರಂತೆ ಇರುವ ನೆಲೆಗಳ ಕಡೆಗೆ ಓಡಬೇಕು, ಬೇಕಾದಲ್ಲಿ ಮಣ್ಣಿನ ಮೇಲೆ ಮೈಚೆಲ್ಲಿ ಜಾರಿ ತಲುಪಬೇಕು. ಈ ಜಾರುವಿಕೆಯನ್ನು ವಾಚಕರು ನೆನಪಿಡಬೇಕು. ಬಟ್ಟೆಯ ಪ್ರಶ್ನೆ ಮೊದಲು ನಿರ್ಧಾರವಾದದ್ದು ಅಲ್ಲಿಯೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೇಸ್‌ಬಾಲ್ ಆಟಗಾರರು ಸೈನ್ಯಕ್ಕೆ ಹೋಗತೊಡಗಿದಾಗ, ಚ್ಯೂಯಿಂಗ್ ಗಮ್ಮಿನ ದೊಡ್ಡ ವ್ಯಾಪಾರಿ ಫಿಲಿಪ್ ರಿಗ್ಲಿ 1943ರಲ್ಲಿ ಮಹಿಳೆಯರ ಒಂದು ಲೀಗನ್ನು ಸ್ಥಾಪಿಸಿದನು. ಆರಂಭದಲ್ಲಿ ಅದಕ್ಕಿದ್ದ ಹೆಸರಿನಲ್ಲಿಯೂ ಸಾಫ್ಟ್‌ಬಾಲ್ ಎಂಬ ಪದವಿತ್ತು; ಚೆಂಡೂ ಎಸೆತವೂ ಸಾಫ್ಟ್‌ಬಾಲಿನವೇ. ಆಟಗಾರ್ತಿಯರು ನೋಡಲು ಚೆಲುವಾಗಿರಬೇಕು, ಪ್ರೇಕ್ಷಕರು ಬರಬೇಕು ಎಂಬುದು ಧಣಿಯ ಇಚ್ಛೆ. ಆದ್ದರಿಂದ ಅವರಿಗೆ ಷರಾಯಿಯ ಬದಲು ಮೊಳಕಾಲ ಮೇಲೆಯೇ ನಿಲ್ಲುವ ನೆರಿಗೆಯ ಗಿಡ್ಡ ಉಡುಪನ್ನು ಹೊಲಿಸಲಾಯಿತು. ಪ್ರಸಾಧನ ಸಾಮಗ್ರಿಗಳ ಪ್ರಸಿದ್ಧ ಸಂಸ್ಥೆಯಿಂದ ನಡೆನುಡಿ, ಅಲಂಕಾರಗಳ ಪಾಠವನ್ನೂ ಹೇಳಿಸಲಾಯಿತು. ಛಾಯಾಚಿತ್ರಗಳಲ್ಲಿ ಆ ಉಡುಪು ನಿಜಕ್ಕೂ ಅಚ್ಚುಕಟ್ಟು. ಆದರೆ ನೆಲೆಗೆ ಜಾರಿದಾಗಲೆಲ್ಲ ತೊಡೆಯ ಚರ್ಮ ಸುಲಿಯಿತು. ಆ ಕೆಂಪು ಗಾಯಗಳಿಗೆ ಆಟಗಾರ್ತಿಯರು ಸ್ಟ್ರಾಬೆರಿ ಹಣ್ಣಿನ ಹೆಸರಿಟ್ಟುಕೊಂಡಿದ್ದರು. ಗಾಯ ಮಾಯುವ ಮುನ್ನವೇ ಮತ್ತೊಂದು ಪಂದ್ಯ. ಹೀಗೆಯೂ ಅವರು 1954ರವರೆಗೆ ಆಡಿದರೆಂದರೆ ಅದು ಉಡುಪಿನ ಮಹಿಮೆಯಲ್ಲ, ಆ ಹೆಣ್ಣುಮಕ್ಕಳ ಕೆಚ್ಚು. ನೋಡುವವರ ಕಣ್ಣಿಗಾಗಿ ಹೊಲಿದ ಬಟ್ಟೆಗೆ ಆಡುವವರ ಮೈ ಬೆಲೆ ತೆತ್ತಿತು.

ಬಣ್ಣದ ಮಾತು ಬೇರೆ. 1996ರ ಏಪ್ರಿಲ್ 13ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡ ಬೂದುಬಣ್ಣದ ಹೊಸ ಅಂಗಿಯಲ್ಲಿ ಸೌತಾಂಪ್ಟನ್ ತಂಡದೆದುರು ಆಡಿ, ಅರ್ಧಾವಧಿಗೆ ಮೂರು ಗೋಲುಗಳಿಂದ ಹಿಂದಿತ್ತು. ವಿರಾಮದಲ್ಲಿ ಎಲ್ಲರೂ ಅಂಗಿ ಬದಲಿಸಿದರು. ಪಂದ್ಯವನ್ನು 3-1ರಿಂದ ಸೋತರೂ ಎರಡನೆಯ ಅರ್ಧದಲ್ಲಿ ಸೋಲಲಿಲ್ಲ. ಜನಸಂದಣಿಯ ಹಿನ್ನೆಲೆಯಲ್ಲಿ ಬೂದು ಅಂಗಿಯ ಜೊತೆಗಾರ ಕಣ್ಣಿಗೆ ಬೀಳುತ್ತಿರಲಿಲ್ಲವೆಂಬುದು ತರಬೇತುದಾರ ಫರ್ಗ್ಯುಸನ್ ಕೊಟ್ಟ ಕಾರಣ. ಜನ ನಕ್ಕರು. ನಮಗಂತೂ ಅದರಲ್ಲಿ ತಿರುಳಿಲ್ಲದಿಲ್ಲ ಎನಿಸುತ್ತದೆ. ಸಾಫ್ಟ್‌ಬಾಲಿನಲ್ಲಿಯೂ ಎಸೆಯುವವಳ ಕೈಗವಸು ಚೆಂಡಿನ ಹೊಳೆಯುವ ಹಳದಿಯದೇ ಆಗಿರಕೂಡದು ಎಂಬ ಕಟ್ಟಳೆಯಿರುವುದು ಇಂಥ ಕಾರಣಕ್ಕೇ.

ಇನ್ನು ವಿದ್ವಾಂಸರ ಪರೀಕ್ಷೆಗಳು. 2004ರ ಅಥೆನ್ಸ್ ಒಲಿಂಪಿಕ್ಸಿನ ಕುಸ್ತಿ, ಮುಷ್ಟಿಕಾಳಗ, ಟೇಕ್ವಾಂಡೋಗಳಲ್ಲಿ ಕೆಂಪು ಅಥವಾ ನೀಲಿ ಉಡುಪನ್ನು ಆಟಗಾರರಿಗೆ ಅವರ ಆಯ್ಕೆಯಿಲ್ಲದೆ ಹಂಚಲಾಗಿತ್ತು. ಹಿಲ್ ಮತ್ತು ಬಾರ್ಟನ್ ಎಂಬ ಇಂಗ್ಲಿಷ್ ಸಂಶೋಧಕರು 2005ರಲ್ಲಿ ಲೆಕ್ಕ ಹಾಕಿದಾಗ, ಕೆಂಪು ತೊಟ್ಟವರು ಶೇಕಡಾ 55ರಷ್ಟು ಸೆಣಸಾಟಗಳನ್ನು ಗೆದ್ದಿದ್ದರು. ಜಗತ್ತೆಲ್ಲ ಕೆಂಪಿನ ಗುಣಗಾನ ಮಾಡಿತು. 2008ರಲ್ಲಿ ಜರ್ಮನಿಯ ಸಂಶೋಧಕರು ಟೇಕ್ವಾಂಡೋ ತೀರ್ಪುಗಾರರಿಗೆ ಒಂದೇ ಸೆಣಸಾಟದ ಚಿತ್ರಿಕೆಗಳನ್ನು ತೋರಿಸಿ, ಕಂಪ್ಯೂಟರಿನಿಂದ ಬಣ್ಣವನ್ನಷ್ಟೇ ಅದಲುಬದಲು ಮಾಡಿದರು. ಕೆಂಪಿನವನಿಗೆ ಸುಮಾರು ಶೇಕಡಾ 13ರಷ್ಟು ಹೆಚ್ಚು ಅಂಕ ದೊರೆಯಿತು. ಅಂದರೆ ಬದಲಾದದ್ದು ಆಟವಲ್ಲ, ನೋಡುವವನ ಕಣ್ಣು. ಮುಂದೆ ಹಲವಾರು ಒಲಿಂಪಿಕ್ಸ್ ಮತ್ತು ವಿಶ್ವಸ್ಪರ್ಧೆಗಳ ಸೆಣಸಾಟಗಳನ್ನು ಒಟ್ಟುಗೂಡಿಸಿ ನೋಡಿದಾಗ ಕೆಂಪಿನ ಹೆಚ್ಚಳ ಬಹುಮಟ್ಟಿಗೆ ಕರಗಿ, ಹೆಚ್ಚುಕಡಿಮೆ ಸರಿಸಮವಾಗಿಯೇ ಉಳಿಯಿತು.

ಬಿಳಿಯ ನಿಲುವಂಗಿಯ ಇನ್ನೊಂದು ಪ್ರಯೋಗವೂ ಇದೆ. 2012ರಲ್ಲಿ ಆಡಮ್ ಮತ್ತು ಗ್ಯಾಲಿನ್‌ಸ್ಕಿ ಎಂಬವರು ಅದೇ ಅಂಗಿಯನ್ನು ಕೆಲವರಿಗೆ ವೈದ್ಯನದೆಂದೂ ಕೆಲವರಿಗೆ ಚಿತ್ರಗಾರನದೆಂದೂ ಹೇಳಿ ತೊಡಿಸಿದರು. ವೈದ್ಯನದೆಂದು ತಿಳಿದು ತೊಟ್ಟವರ ಗಮನ ಹೆಚ್ಚು ಚುರುಕಾಯಿತೆಂದು ಪ್ರಕಟಿಸಿದರು. ಸೊಗಸಾದ ಮಾತು. ಆದರೆ 2019ರಲ್ಲಿ ಬೇರೆಯವರು ಅವರ ಪ್ರಯೋಗಗಳಲ್ಲೊಂದನ್ನು ಮತ್ತೆ ಮಾಡಿದಾಗ ಆ ಫಲ ಕಾಣಲಿಲ್ಲ. ಆದ್ದರಿಂದ ಒಳ್ಳೆಯ ಬಟ್ಟೆ ತೊಡಿಸಿದ ಮಾತ್ರಕ್ಕೆ ಮಗುವಿನ ಹೊಡೆತ ಬಲಿಯುವುದೆಂದು ವಂತಿಗೆ ಕೇಳುವವರು, ಶಾಸ್ತ್ರದ ಬೆಂಬಲ ತಮಗಿದೆಯೆಂದು ಹೇಳದಿರುವುದು ಲೇಸು.

ಹಾಗಾದರೆ ನಾವು ಥಟ್ಟನೆ ಹೇಳಿದ್ದೇ ಸರಿಯಾಯಿತೇ? ಇಲ್ಲಿ ನಮ್ಮ ಬಾಲ್ಯದ ಒಂದು ಸಂಗತಿ ಅಡ್ಡ ಬರುತ್ತದೆ. ಮಠದ ಉಚಿತ ಪ್ರಸಾದ ನಿಲಯದಲ್ಲಿ ನಮಗೆ ವರ್ಷಕ್ಕೊಮ್ಮೆ ಚಡ್ಡಿ, ಅಂಗಿ ಹೊಲಿಸುತ್ತಿದ್ದರು. ಹುಡುಗರು ಬೆಳೆಯುತ್ತಾರೆಂಬ ದೂರದೃಷ್ಟಿಯಿಂದ ಸಿಂಪಿಗರು ಎಲ್ಲವನ್ನೂ ಎರಡು ಬೆರಳು ದೊಡ್ಡದಾಗಿಯೇ ಹೊಲಿಯುತ್ತಿದ್ದರು. ತಾಲ್ಲೂಕಿನ ಖೋಖೋ ಪಂದ್ಯದಲ್ಲಿ ನಮ್ಮ ತಂಡದ ಅತಿ ವೇಗದ ಹುಡುಗ ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡೇ ಓಡಬೇಕಾಯಿತು. ಔಟಾದದ್ದರಲ್ಲಿ ಆಶ್ಚರ್ಯವೇನು? ಮರುವರ್ಷ ಅಡುಗೆಯ ಅಜ್ಜನವರು ನಮ್ಮ ಹಳೆಯ ಬನಿಯನ್‌ಗಳನ್ನೆಲ್ಲ ಉಳಿದ ಕಾವಿಯಲ್ಲಿ ಅದ್ದಿ ಒಣಹಾಕಿದರು. ಬಣ್ಣ ಒಂದೊಂದರಲ್ಲಿ ಒಂದೊಂದು ಬಗೆ. ಆ ವರ್ಷವೂ ಸೋತೆವು. ಆದರೆ ಹರಿದ ಬನಿಯನ್ ಯಾರದು, ಇಡಿಯದು ಯಾರದು ಎಂಬುದು ಆ ದಿನ ಯಾರಿಗೂ ತಿಳಿಯಲಿಲ್ಲ. ಸೋತು ಬರುವ ದಾರಿಯಲ್ಲಿ ಒಬ್ಬನೂ ಅದನ್ನು ಕಳಚಲಿಲ್ಲ.

ನಮ್ಮ ಶರಣರು ವೇಷವನ್ನು ಕಟುವಾಗಿ ಟೀಕಿಸಿದರೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಅವರೇ ಲಾಂಛನಕ್ಕೆ ತಲೆಬಾಗಿದರೆಂಬುದನ್ನು ನಾವು ಎಷ್ಟೋ ಸಲ ಮರೆಯುತ್ತೇವೆ. ವೇಷ ತೊಟ್ಟವನನ್ನು ಇತರರಿಂದ ಬೇರೆ ಮಾಡಿ ತೋರಿಸುತ್ತದೆ. ಲಾಂಛನ ಅವನನ್ನು ಒಂದು ಬಳಗಕ್ಕೆ ಸೇರಿಸುತ್ತದೆ. ಒಡೆಯನ ಎದೆಯ ಮೇಲೂ ಆಳಿನ ಎದೆಯ ಮೇಲೂ ಇರುವ ಇಷ್ಟಲಿಂಗ ಒಂದೇ. ಈ ಕಣ್ಣಿನಿಂದ ನೋಡಿದರೆ, ಒಂದೇ ಬಣ್ಣದ ಅಂಗಿ, ಸ್ಕೋರು ಬರೆಯುವವರಿಗೆ ಬೇಕಾದ ಅಂಕಿ, ಮೈಗೆ ಸರಿಹೊಂದುವ ಅಳತೆ, ಜಾರಿದಾಗ ಮೊಳಕಾಲು ಕಾಯುವ ಷರಾಯಿ ಇವು ಲಾಂಛನದ ಪಾಲು. ಬೆನ್ನ ಮೇಲಿನ ಹೆಸರು, ಪಟ್ಟೆ, ಮಿರುಗು ಇವು ವೇಷದ ಪಾಲು. ಮೊದಲಿನದಕ್ಕೆ ವಂತಿಗೆ ಕೇಳಬಹುದು, ಕೊಡಲಾರದವರಿಗೆ ಉಳಿದವರು ತುಂಬಲೂಬಹುದು. ಎರಡನೆಯದಕ್ಕಾಗಿ ಒಂದು ಮಗು ಅಂಗಳ ಬಿಡುವುದಾದರೆ ಆ ತಂಡದ ಆಟ ಅಂದೇ ಕೆಟ್ಟಿತು. ಒಂಬತ್ತು ಜನ ನಿಲ್ಲಬೇಕಾದಲ್ಲಿ ಎಂಟು ಜನ ನಿಂತರೆ ಯಾವ ಪಟ್ಟೆ ತಾನೇ ಚೆಂಡು ಹಿಡಿದೀತು?

ಆದರೆ ಸಾದಾ ಬಟ್ಟೆಯ ಪಕ್ಷಪಾತಿಗಳಾದ ನಮ್ಮಂಥವರು ಗಮನಿಸಬೇಕಾದ ಇನ್ನೊಂದು ಮುಖವಿದೆ. ಅಮೆರಿಕದಲ್ಲಿ ಸರಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣುಗಂಡೆಂಬ ಭೇದ ಮಾಡಕೂಡದೆಂಬ ಕಾನೂನು 1972ರಲ್ಲಿ ಬಂದಿತು. ಅದನ್ನು ಕ್ರೀಡೆಗೆ ಹೇಗೆ ಅನ್ವಯಿಸಬೇಕೆಂದು 1979ರಲ್ಲಿ ವಿವರಿಸಿದಾಗ, ಪರಿಶೀಲಿಸಬೇಕಾದ ಸಾಧನ ಸಾಮಗ್ರಿಗಳಲ್ಲಿ ಸಮವಸ್ತ್ರವನ್ನೂ ಸೇರಿಸಲಾಯಿತು. ಹುಡುಗರ ಬೇಸ್‌ಬಾಲ್ ತಂಡಕ್ಕೆ ಹೊಸತು, ಹುಡುಗಿಯರ ಸಾಫ್ಟ್‌ಬಾಲ್ ತಂಡಕ್ಕೆ ಹಳತು ಎಂದಾದರೆ ಅದು ಬರಿಯ ಬಟ್ಟೆಯ ಮಾತಾಗಿ ಉಳಿಯುವುದಿಲ್ಲ. ನಿನ್ನ ಆಟ ನಮಗೆ ಅಷ್ಟು ಮುಖ್ಯವಲ್ಲವೆಂದು ಹಿರಿಯರು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ, ಅಂಗಿಯೇ ಹೇಳುತ್ತದೆ. ನಮ್ಮ ಮನೆಗಳಲ್ಲಿಯೂ ಗಂಡುಮಗನಿಗೆ ಬೂಟು ತಂದು, ಮಗಳಿಗೆ ಮುಂದಿನ ವರ್ಷ ನೋಡೋಣವೆನ್ನುವುದುಂಟು. ಅಲ್ಲಿ ನಾವು ಶರಣರ ಸರಳತೆಯ ಹೆಸರೆತ್ತುವುದು ಅನ್ಯಾಯ.

ಇದನ್ನೆಲ್ಲ ಆ ತಾಯಿಗೆ ಹೇಳಿದೆವು, ಸ್ವಲ್ಪ ಚಿಕ್ಕದಾಗಿ. ಅವರು ಮಗನಿಗೆ ಫೋನಿನಲ್ಲಿ ಏನೆಂದರೋ ತಿಳಿಯದು. ದೀಪಾವಳಿಯ ಹೊತ್ತಿಗೆ ಮತ್ತೆ ಬಂದಾಗ ಸುದ್ದಿ ತಂದರು: ಬೆನ್ನ ಮೇಲಿನ ಹೆಸರುಗಳನ್ನು ಕೈಬಿಟ್ಟರಂತೆ. ಅಂಗಿ ನೀಲಿಯದು, ಪಟ್ಟೆಯಿಲ್ಲ. ಅಕ್ಕತಂಗಿಯರಿಬ್ಬರೂ ತಂಡದಲ್ಲಿಯೇ ಇದ್ದಾರೆ. ಅವರ ವಂತಿಗೆಯನ್ನು ಯಾರು ತುಂಬಿದರೆಂದು ಮಕ್ಕಳಿಗೆ ಹೇಳಿಲ್ಲ. ಷರಾಯಿ ಮಾತ್ರ ಬಿಳಿಯದೇ ಆಯಿತು. ಅದೊಂದು ವಾದದಲ್ಲಿ ಆ ಇನ್ನೊಂದು ಪಕ್ಷ ಗೆದ್ದಿತು.

"ಗೆದ್ರೇನ್ರೀ?" ಎಂದು ಕೇಳಿದೆವು.

"ಎರಡು ಗೆದ್ದಾರ, ಮೂರು ಸೋತಾರ" ಎಂದವರು, ಫೋನಿನಲ್ಲಿ ಹೊಸ ಚಿತ್ರ ತೋರಿಸಿದರು. ಮೊಮ್ಮಗಳು ನೆಲೆಗೆ ಜಾರಿ ಎದ್ದು ನಿಂತಿದ್ದಾಳೆ. ಬಿಳಿಯ ಷರಾಯಿಯ ಒಂದು ಪಕ್ಕವೆಲ್ಲ ಕೆಮ್ಮಣ್ಣು. ಸೊಸೆ ಎಷ್ಟು ಸಲ ಯಂತ್ರಕ್ಕೆ ಹಾಕಿದರೂ ಕಲೆ ಹೋಗಲಿಲ್ಲವಂತೆ. ನಿಂಬೆರಸಕ್ಕೆ ಉಪ್ಪು ಹಾಕಿ ತಿಕ್ಕಿ ಬಿಸಿಲಿಗಿಡಲು ತಾಯಿಯವರು ಹೇಳಿದ್ದಾರೆ. ಅಲ್ಲಿ ಈಗ ಬಿಸಿಲೇ ಇಲ್ಲವಂತೆ.