ಎಮ್ಮಿ ಹಿಂಡೂ ಹೊತ್ತಿಗೆ ಪಿಚ್ಚರ್ ಬಿಡತೈತೇನು?

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಲ್ಲಿ ಥೇಟರ್ ಇಲ್ಲ. ದೊಡ್ಡ ಪರದೆ ಮೇಲೆ ಪಿಚ್ಚರ್ ನೋಡಬೇಕಂದರೆ ಹುಬ್ಬಳ್ಳಿಗೆ ಹೋಗಬೇಕು, ಹೋಗಿಬಂದರೆ ಆ ದಿನ ಅದಕ್ಕೇ ಹೋಯಿತು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ರೊಟ್ಟಿ ಬಡಿದಿಟ್ಟು, ಬಸ್ ಹಿಡಿದು, ಮ್ಯಾಟಿನಿ ನೋಡಿ, ಸಂಜೆ ಎಮ್ಮೆ ಹಿಂಡುವ ಹೊತ್ತಿಗೆ ಮನೆ ಸೇರಬೇಕು. ಹಾಗಾಗಿ ಇಲ್ಲಿ ಯಾವುದೇ ಸಿನಿಮಾದ ಬಗ್ಗೆ ಮೊದಲು ಕೇಳುವುದು ಒಂದೇ ಮಾತು: 'ಎಷ್ಟೊತ್ತು ಐತಿ?' ಎರಡೂಮುಕ್ಕಾಲು ತಾಸು ಮೀರಿದ 'ಕಾಂತಾರ ಚಾಪ್ಟರ್ 1' ಬಂದಾಗ ಈ ಪ್ರಶ್ನೆಗೆ ಬಂದ ಉತ್ತರ, 'ಛಲೋ ಐತಿ, ಖರೇ ಎಮ್ಮಿ ಯಾರಿಗರ ಹೇಳಿ ಹೋಗು.' ಇಷ್ಟು ಉಪಯೋಗಕ್ಕೆ ಬರುವ ವಿಮರ್ಶೆಯನ್ನು ನಾನು ಪೇಪರಿನಲ್ಲಿ ಓದಿಲ್ಲ.

ನಾನು ಡೇರಿಯಲ್ಲಿ ಲೆಕ್ಕ ಬರೆಯುವವಳು. ಹಾಲು ಅಳೆದು, ಡಿಗ್ರಿ ನೋಡಿ, ಫ್ಯಾಟ್ ಮಷೀನಿನ ಚೀಟಿ ಕೈಗೆ ಬರುವವರೆಗೆ ಎಲ್ಲರೂ ಅಲ್ಲೇ ನಿಂತಿರುತ್ತಾರೆ. ಆ ಹೊತ್ತಿನಲ್ಲಿ ಮಳೆ, ಗೋವಿನಜೋಳದ ರೇಟು, ಯಾರದೋ ಮದುವೆ ಎಲ್ಲ ಮುಗಿದ ಮೇಲೆ ಸಿನಿಮಾ ಬರುತ್ತದೆ. ಮೊದಲು ಈ ಸುದ್ದಿ ತರುತ್ತಿದ್ದವರು ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವ ಹುಡುಗರು. ಅವರು ಫೈಟು, ಡೈಲಾಗು, ಹೀರೋ ಎಂಟ್ರಿ ಹೇಳುತ್ತಿದ್ದರು, ನಾವು ಕೇಳುತ್ತಿದ್ದೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ಉಳಿದ ಮೇಲೆ ಇದು ಬದಲಾಯಿತು. ಹಾಲಿನ ಬಿಲ್ ಆದ ವಾರ ಮೂರ್ನಾಲ್ಕು ಜನ ಸೇರಿ ಸಂತೆಗೋ ದವಾಖಾನೆಗೋ ಹೋದವರು ಪಿಚ್ಚರ್ ನೋಡಿಕೊಂಡೇ ಬರುತ್ತಾರೆ. ಈಗ ಊರಿಗೆ ಸಿನಿಮಾದ ಅಭಿಪ್ರಾಯ ತರುವವರು ಅವರು. ಶಕ್ತಿ ಯೋಜನೆಯಿಂದ ಏನು ಬಂತು ಎಂದು ಕೇಳುವವರಿಗೆ ನಾನು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ ಎನ್ನುತ್ತೇನೆ.

'ಸು ಫ್ರಮ್ ಸೋ' ನಮಗೆ ಹೀಗೇ ಗೊತ್ತಾಯಿತು. 2025ರ ಜುಲೈ 25ರಂದು ತೆರೆಕಂಡ ಈ ಚಿತ್ರದಲ್ಲಿ ದೊಡ್ಡ ಹೀರೋ ಇಲ್ಲ. ನಿರ್ದೇಶಕ ಜೆ.ಪಿ. ತುಮಿನಾಡು ಅವರದು ಮೊದಲ ಚಿತ್ರ, ನಿರ್ಮಾಪಕರಲ್ಲಿ ರಾಜ್ ಬಿ. ಶೆಟ್ಟಿ ಒಬ್ಬರು. ನಮ್ಮೂರ ಗೋಡೆ ಮೇಲೆ ಒಂದು ಪೋಸ್ಟರೂ ಬಿದ್ದಿರಲಿಲ್ಲ. ನೋಡಿಬಂದ ಒಬ್ಬಾಕೆ ಕ್ಯಾನಿಗೆ ಹಾಲು ಸುರಿಯುತ್ತ ನಗಲು ಶುರು ಮಾಡಿದಳು, ಏನಂತ ಹೇಳಲಿಕ್ಕೂ ಆಗಲಿಲ್ಲ. 'ಯಕ್ಕಾ, ಒಬ್ಬಾವ ಮೈಮ್ಯಾಗ ದೆವ್ವ ಬಂದೈತಿ ಅಂತ ನಾಟಕ ಮಾಡ್ತಾನ, ಊರಾಗಿನ ಮಂದಿ ಅದನ್ನ ಖರೇ ಅಂತ ತಿಳೀತಾರ. ಇಷ್ಟ ಹೇಳ್ತೀನಿ, ಮುಂದ ಕೇಳಬ್ಯಾಡ್ರಿ.' ಮುಂದೆ ಯಾರೂ ಕೇಳಲಿಲ್ಲ. ಕಥೆ ಪೂರ್ತಿ ಹೇಳುವವರನ್ನು ಇಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತು.

ಮುಂದಿನ ವಾರ ನಾವು ಹೋದೆವು. ಕರಾವಳಿಯ ಕನ್ನಡ ಮೊದಲ ಹತ್ತು ನಿಮಿಷ ಕಿವಿಗೆ ಹತ್ತಲಿಲ್ಲ, ಹೊರಗೆ ಬರುವಾಗ ಎಲ್ಲರ ಬಾಯಲ್ಲೂ ರವಿಯಣ್ಣ. ಊರಿಗೆಲ್ಲ ಹಿರಿಯನಾಗಿ ನಿಲ್ಲುವ ಆ ಪಾತ್ರವನ್ನು ನೋಡಿ ನಮ್ಮೂರಲ್ಲಿ ರವಿಯಣ್ಣ ಯಾರು ಎಂದು ಬಸ್ಸಿನಲ್ಲೇ ಚರ್ಚೆ ನಡೆಯಿತು. ನನಗೆ ಉಳಿದದ್ದು ಭಾನು ಎಂಬ ಹೆಣ್ಣುಮಗಳ ಪಾತ್ರ. ಅಷ್ಟೊತ್ತು ನಗಿಸಿದವರು ಆಕೆಯ ಕಷ್ಟಕ್ಕೆ ಬಂದಾಗ ಸ್ವಲ್ಪ ಅವಸರ ಮಾಡಿದರು ಅನಿಸಿತು. ಪಕ್ಕದಲ್ಲಿ ಕೂತಿದ್ದ ನನ್ನ ವೈನಿ ಇದನ್ನು ಒಪ್ಪಲಿಲ್ಲ: 'ಇನ್ನೂ ಎಳದಿದ್ರ ಅಳಸಾಕ ಮಾಡ್ಯಾರ ಅಂತಿದ್ದಿ.' ಇಬ್ಬರೂ ಇವತ್ತಿಗೂ ನಮ್ಮ ನಮ್ಮ ಮಾತಿಗೇ ನಿಂತಿದ್ದೇವೆ. ಕೆಲವೇ ಕೋಟಿಯಲ್ಲಿ ತಯಾರಾದ ಆ ಚಿತ್ರ ನೂರು ಕೋಟಿ ದಾಟಿತು ಎಂದು ಆಮೇಲೆ ಓದಿದೆ. ದುಡ್ಡು ಕೊಟ್ಟು ನೋಡಿದವರು ಮತ್ತೊಬ್ಬರಿಗೆ ಹೇಳಿದ್ದೇ ಅದರ ದೊಡ್ಡ ಪ್ರಚಾರ. 2006ರ ಡಿಸೆಂಬರ್ 29ರಂದು ಬಂದ 'ಮುಂಗಾರು ಮಳೆ'ಯೂ ಹೀಗೆ ಬಾಯಿಂದ ಬಾಯಿಗೆ ಬೆಳೆದು ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ವರ್ಷಕ್ಕೂ ಹೆಚ್ಚು ಕಾಲ ಓಡಿತ್ತು.

ಆದರೆ ಯಾರು ಹೇಳಿದರು ಎಂಬುದನ್ನು ನೋಡದೆ ಅಭಿಪ್ರಾಯವನ್ನು ತೂಗಲು ಬರುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬಂದ ಮೊದಲ 'ಕಾಂತಾರ'ವನ್ನೇ ತಗೊಳ್ಳಿ. ನಾಡೆಲ್ಲ ಅದರ ಕೊನೆಯ ಇಪ್ಪತ್ತು ನಿಮಿಷದ ಬಗ್ಗೆ, ರಿಷಬ್ ಶೆಟ್ಟಿಯವರ ಮೈಮೇಲಿನ ದೈವದ ಬಗ್ಗೆ ಮಾತಾಡುತ್ತಿತ್ತು. ನಮ್ಮ ಡೇರಿಯಲ್ಲಿ ನಡೆದ ಮಾತೇ ಬೇರೆ. ದೇವಿಕೊಪ್ಪದ ಹೊಲ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅಡವಿ. ಹಂದಿ ಬಂದು ಗೋವಿನಜೋಳ ಕೆಡವುತ್ತದೆ, ಕಟ್ಟಿಗೆಗೆ ಹೋದವರು ಗಾರ್ಡಿಗೆ ಉತ್ತರ ಹೇಳಬೇಕು. ಅಂಥವರಿಗೆ ಆ ಚಿತ್ರದಲ್ಲಿ ಕಂಡದ್ದು ಅರಣ್ಯ ಇಲಾಖೆಯವರು ಊರ ಸುತ್ತ ಬೇಲಿ ಹಾಕುವ ದೃಶ್ಯ. ನೌಕರಿ ಸಿಕ್ಕ ಲೀಲಾ ತನ್ನ ಊರಿಗೇ ಬೇಲಿ ಹಾಕಲು ನಿಲ್ಲಬೇಕಾಗುತ್ತದಲ್ಲ, ಅದರ ಮೇಲೆ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. 'ಸರ್ಕಾರಿ ಪಗಾರ ತಗೊಂಡ ಮ್ಯಾಲೆ ಹೇಳಿದ್ದು ಮಾಡಬೇಕವ್ವಾ' ಅಂತ ಒಬ್ಬರು. 'ಹುಟ್ಟಿದ ಊರಿಗಿ ಬೇಲಿ ಹಾಕಿ ಎಲ್ಲಿ ಉಣ್ತಾಳ?' ಅಂತ ಇನ್ನೊಬ್ಬರು. ಕಿಶೋರ್ ಮಾಡಿದ ಅಧಿಕಾರಿ ಮುರಳಿಯ ಪರವಾಗಿಯೂ ಮಾತು ಬಂತು: ಆತ ಕಾನೂನು ಹೇಳುತ್ತಾನೆ, ಭೂಮಿ ನುಂಗಲು ಹೊಂಚುವವನು ಊರ ಧಣಿ. ಪೇಟೆಯ ವಿಮರ್ಶೆಗಳಲ್ಲಿ ಈ ಎಳೆ ಒಂದು ಸಾಲಿನಲ್ಲಿ ಮುಗಿದಿತ್ತು, ಅಡವಿ ಅಂಚಿನವರಿಗೆ ಅದೇ ಇಡೀ ಸಿನಿಮಾ.

2025ರ ಅಕ್ಟೋಬರ್ 2ರಂದು 'ಚಾಪ್ಟರ್ 1' ಬಂದಾಗ ಕದಂಬರ ಕಾಲ ಎಂದು ಕೇಳಿಯೇ ನಮ್ಮವರಿಗೆ ಹುರುಪು. ಬನವಾಸಿ ಪಕ್ಕದ ಜಿಲ್ಲೆಯಲ್ಲೇ ಇದೆ, ಬನವಾಸಿ ಜಾತ್ರೆ ನೋಡಿಬಂದವರೂ ನಮ್ಮಲ್ಲಿದ್ದಾರೆ. ದೊಡ್ಡಾಟದಲ್ಲಿ ರಾಜನ ವೇಷ ಕಟ್ಟುತ್ತಿದ್ದ ಕಾಕಾ ಒಬ್ಬರಿಗೆ ಮೊಮ್ಮಗ ಹಟ ಮಾಡಿ ತೋರಿಸಿದ. ಅವರ ಮಾತು ನನಗೆ ಬಹಳ ಹಿಡಿಸಿತು: 'ಯುದ್ಧ ಛಲೋ ಮಾಡ್ಯಾರ. ಆದ್ರ ಮೊದಲ ಅರ್ಧದಾಗ ನಗಸಾಕ ನಿಂತು ರಾಜಾನ ತೂಕ ಕಡಿಮಿ ಮಾಡ್ಯಾರ. ಗುಲ್ಶನ್ ದೇವಯ್ಯನ ರಾಜಕುಮಾರ ಕುಡದು ತೂರಾಡಿದ್ರೂ ನಾ ಒಪ್ಪತೀನಿ, ಕಿರೀಟಕ್ಕ ಒಂದು ನಡಿಗಿ ಇರತೈತಿ.' ಬೆಳಗಿನ ತನಕ ಬಯಲಲ್ಲಿ ಕಿರೀಟ ಹೊತ್ತು ಕುಣಿದವರಿಗೆ ಮಾತ್ರ ಕಾಣುವ ಕೊರತೆ ಅದು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಕಂಪನಿ ನಾಟಕ ನೋಡಿ, ಮೆಚ್ಚಿದ ಹಾಡಿಗೆ ಒನ್ಸ್ ಮೋರ್ ಕೂಗಿ, ಮೆಚ್ಚದಿದ್ದರೆ ಎದ್ದು ಹೋಗಿ ಬೆಳೆದ ಜನ ಇವರು. ಎದುರಿಗೇ ಹೇಳುವ ಈ ರೂಢಿಯನ್ನು ಅವರೇ ಥೇಟರಿಗೂ ತಂದರು. ನನ್ನ ಅಭಿಪ್ರಾಯ ಕೇಳಿದರೆ: ಅಜನೀಶ್ ಲೋಕನಾಥ್ ಅವರ ಸಂಗೀತ, ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ಸೇರಿ ಅಡವಿಯನ್ನು ತೋರಿಸಿದ ರೀತಿಗೆ ಕೊಟ್ಟ ರೊಕ್ಕ ಪೂರ್ತಿ ಸಂದಿತು. ರುಕ್ಮಿಣಿ ವಸಂತ್ ಪಾತ್ರದ ಬಗ್ಗೆ ಹೇಳಿದರೆ ಕಥೆ ಒಡೆಯುತ್ತದೆ, ಬಿಡುತ್ತೇನೆ.

ಅಕ್ಕರೆಯೂ ಅಭಿಪ್ರಾಯವನ್ನು ಬಗ್ಗಿಸುತ್ತದೆ. ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಗೊತ್ತು. ಅಂಬರೀಷ್ ತೀರಿಕೊಳ್ಳುವ ಮೊದಲು ಯಶ್ ಅವರ ಮಗುವಿಗೆಂದು ಆ ತೊಟ್ಟಿಲನ್ನು ಹೇಳಿ ಮಾಡಿಸಿದ್ದರು, ಅವರು ಹೋದ ಮೇಲೆ ಅದು ಮಗುವಿನ ಮನೆ ಸೇರಿತು. 2022ರಲ್ಲಿ ಯಶ್ ಅವರ 'ಕೆಜಿಎಫ್ 2' ಬಂದಾಗ ನಮ್ಮ ಡೇರಿಯಲ್ಲಿ ಅದರ ಬಗ್ಗೆ ಒಂದು ಹುಳುಕೂ ಬರಲಿಲ್ಲ. 'ನಮ್ಮ ತೊಟ್ಟಲಾ ತಗೊಂಡಾವ್ರು' ಎಂದು ಮಾತು ಅಲ್ಲಿಗೇ ನಿಂತಿತು. ಇದು ಪ್ರೀತಿ, ತಪ್ಪೇನಿಲ್ಲ. ಕೇಳುವವರಿಗೆ ಅದು ಪ್ರೀತಿ ಎಂದು ಗೊತ್ತಿದ್ದರೆ ಸಾಕು.

ಫೋನಿನಲ್ಲಿ ಬರುವ ಅಭಿಪ್ರಾಯಕ್ಕೆ ಈ ಗುರುತು ಇರುವುದಿಲ್ಲ. ಹೇಳಿದವರು ಯಾರು, ಸಿನಿಮಾ ನೋಡಿದ್ದಾರೋ ಇಲ್ಲವೋ, ರೊಕ್ಕ ತಗೊಂಡು ಬರೆದರೋ, ಇನ್ನೊಬ್ಬ ಹೀರೋನ ಅಭಿಮಾನಿಯೋ, ಏನೂ ತಿಳಿಯದು. 2025ರ ಡಿಸೆಂಬರ್ 11ರಂದು 'ದಿ ಡೆವಿಲ್' ತೆರೆಕಂಡಾಗ ಬುಕ್‌ಮೈಶೋದಲ್ಲಿ ಆ ಚಿತ್ರಕ್ಕೆ ಪ್ರೇಕ್ಷಕರು ಅಂಕ ಕೊಡುವುದು, ಅಭಿಪ್ರಾಯ ಬರೆಯುವುದು ಎರಡನ್ನೂ ನ್ಯಾಯಾಲಯದ ಆದೇಶದಂತೆ ನಿಲ್ಲಿಸಲಾಗಿತ್ತು. ಸುಳ್ಳು ಖಾತೆಗಳಿಂದ ಚಿತ್ರ ಕೆಡಿಸುವುದನ್ನು ತಡೆಯಲೇಬೇಕು, ಒಪ್ಪುತ್ತೇನೆ. ಆದರೆ ಎಲ್ಲರ ಬಾಯಿ ಒಟ್ಟಿಗೆ ಮುಚ್ಚಿದರೆ ಟಿಕೆಟ್ ತೆಗೆದು ನೋಡಿದವರ ಮಾತೂ ಹೋಗುತ್ತದೆ. ನನಗೆ ಅದು ನೋವಿನ ಸಂಗತಿ. ಹಾಗೆಯೇ ಹುಡುಗರಿಗೆ ಒಂದು ಮಾತು: ಬಾಯಿಂದ ಎಷ್ಟು ಬೇಕಾದರೂ ಹೇಳಿ, ಪರದೆಯನ್ನು ಫೋನಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಬೇಡಿ. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಯ ನಂತರ ಥೇಟರಿನಲ್ಲಿ ಸಿನಿಮಾ ಕದ್ದು ಚಿತ್ರೀಕರಿಸಿದರೆ ಕಡಿಮೆಯೆಂದರೆ ಮೂರು ತಿಂಗಳ ಜೈಲು, ಮೂರು ಲಕ್ಷ ದಂಡ.

ಜನ ಅಭಿಪ್ರಾಯಕ್ಕೆ ಕಾಯುವುದರಲ್ಲಿ ಟಿಕೆಟ್ಟಿನ ರೇಟಿಗೂ ಪಾಲಿದೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ತಂದಿತು, ಅದೇ ತಿಂಗಳು ಹೈಕೋರ್ಟು ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ನಾಲ್ಕು ಜನ ಮಾಲಿಗೆ ಹೋದರೆ ಹಾಲಿನ ಬಿಲ್ಲಿನ ಒಂದು ಪಾಲು ಅಲ್ಲೇ ಮುಗಿಯುತ್ತದೆ. ಅಷ್ಟು ರೊಕ್ಕ ಹಾಕುವವರು ಮೊದಲ ದಿನವೇ ಓಡುವುದಿಲ್ಲ, ನಾಲ್ಕು ಮಂದಿಯನ್ನು ಕೇಳುತ್ತಾರೆ.

ತೊಡಕು ಇಲ್ಲೇ ಇದೆ. ಶುಕ್ರವಾರ ಬಿಡುಗಡೆಯಾದ ಚಿತ್ರವನ್ನು ನಮ್ಮೂರಿನ ಒಬ್ಬರು ನೋಡಿ, ಅವರ ಮಾತು ಡೇರಿಗೆ ಬಂದು, ಉಳಿದವರು ಬಿಡುವು ಮಾಡಿಕೊಳ್ಳುವ ಹೊತ್ತಿಗೆ ಎರಡನೇ ಶುಕ್ರವಾರ ಬಂದಿರುತ್ತದೆ. ಕರ್ನಾಟಕದ ಒಂಟಿ ಪರದೆಯ ಥೇಟರುಗಳಲ್ಲಿ ವಾರದ ಬಾಡಿಗೆ ಪದ್ಧತಿ ಇನ್ನೂ ಇದೆ. ಮೊದಲ ಮೂರು ದಿನ ಸೀಟು ತುಂಬದಿದ್ದರೆ ಸಣ್ಣ ನಿರ್ಮಾಪಕನಿಗೆ ಎರಡನೇ ವಾರದ ಬಾಡಿಗೆ ಕಟ್ಟುವ ಧೈರ್ಯ ಇರುವುದಿಲ್ಲ. ಮಲ್ಟಿಪ್ಲೆಕ್ಸಿನಲ್ಲಿ ಗಳಿಕೆಯನ್ನು ಹಂಚಿಕೊಳ್ಳುವ ಲೆಕ್ಕ, ಅಲ್ಲಿ ಜನ ಕಡಿಮೆಯಾದ ಕೂಡಲೇ ಆಟ ರಾತ್ರಿಗೆ ಸರಿಯುತ್ತದೆ. ರಾತ್ರಿ ಆಟ ನೋಡಿ ದೇವಿಕೊಪ್ಪಕ್ಕೆ ಬರಲು ಬಸ್ ಎಲ್ಲಿದೆ? 'ಸು ಫ್ರಮ್ ಸೋ'ಗೆ ಮೊದಲ ವಾರವೇ ಪೇಟೆಯ ಜನ ಮುಗಿಬಿದ್ದರು, ಅದು ನಮಗಾಗಿ ಉಳಿಯಿತು. ಸುದ್ದಿ ಅಷ್ಟು ಬೇಗ ಹರಡದ ಚಿತ್ರಗಳು ನಮ್ಮ ಮಾತು ಮುಟ್ಟುವ ಮೊದಲೇ ಇಳಿದುಹೋಗುತ್ತವೆ.

ಹುಬ್ಬಳ್ಳಿಯ ಥೇಟರಿನವರಲ್ಲಿ ನಾನು ಕೇಳುವುದು ಇಷ್ಟು: ಯಾವುದೇ ಕನ್ನಡ ಚಿತ್ರಕ್ಕೆ ಎರಡನೇ ವಾರವೂ ಒಂದು ಮ್ಯಾಟಿನಿ ಉಳಿಸಿ, ಸಂಜೆ ನಾಲ್ಕೂವರೆಯೊಳಗೆ ಬಿಡುವ ಹಾಗಿರಲಿ. ಕಲಘಟಗಿ, ಕುಂದಗೋಳ, ನವಲಗುಂದದ ಹಳ್ಳಿಗಳಿಂದ ಬರುವವರಿಗೆ ಆ ಒಂದು ಆಟ ಸಾಕು.