ಮೀನಿಗೂ ಆಗಬೇಕು, ಮಕ್ಕಳಿಗೂ ಆಗಬೇಕು: ನಾವು ದೋಣಿ ಕೊಂಡ ಅನುಭವ

ಬಯಲುಸೀಮೆಯ ರೈತ ದೋಣಿ ಬಗ್ಗೆ ಬರೀತಾನೆ ಅಂದ್ರೆ ಓದುಗರಿಗೆ ನಗು ಬರಬಹುದು. ಐವತ್ನಾಲ್ಕು ವರ್ಷದಲ್ಲಿ ನಾನು ಮಳೆ ಬರಲಿಲ್ಲವಲ್ಲಾ ಅಂತ ಮುಗಿಲು ನೋಡಿದ್ದೇ ಜಾಸ್ತಿ. ಸಾವೆ, ರಾಗಿ, ಶೇಂಗಾ, ಹುರುಳಿ ಇಷ್ಟೇ ನಮ್ಮ ಬೆಳೆ. ನೀರಿನ ಮೇಲೆ ಓಡಾಡುವ ಕೆಲಸ ನಮಗೆ ಬರುತ್ತೆ ಅಂತ ಯಾರೂ ಎಣಿಸಿರಲಿಲ್ಲ.

ಆದರೆ ಬಂತು. ನಮ್ಮೂರು ಹೊಸದುರ್ಗ ತಾಲ್ಲೂಕಿನಲ್ಲಿ, ವಾಣಿವಿಲಾಸ ಸಾಗರದ ಹಿನ್ನೀರಿನ ಅಂಚಿನಲ್ಲಿದೆ. ನಮ್ಮ ಬಾಯಲ್ಲಿ ಅದು ಮಾರಿಕಣಿವೆ. ವೇದಾವತಿಗೆ ಅಡ್ಡ ಕಟ್ಟಿದ ಈ ಅಣೆಕಟ್ಟು ಮುಗಿದದ್ದು 1907ರಲ್ಲಿ. ತುಂಬಿದರೆ 130 ಅಡಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು ಅಂತ ಹಿರಿಯರು ಹೇಳುತ್ತಿದ್ದರು. ನಾವು ಕಣ್ಣಾರೆ ಕಂಡದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷದ ಮೇಲೆ! 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಬಿತ್ತು.

ನೀರು ಬಂದದ್ದು ಸಂತೋಷವೇ. ಆದರೆ ನಮ್ಮ ಎರಡು ಎಕರೆ ಹೊಲ ಹಿನ್ನೀರಿನ ಆಚೆ ದಡಕ್ಕೆ ಹೋಯ್ತು. ಮಧ್ಯೆ ಹಳ್ಳ ಇದ್ದ ಜಾಗದಲ್ಲಿ ಎರಡು ಫರ್ಲಾಂಗು ನೀರು. ಸುತ್ತಿಕೊಂಡು ಹೋದರೆ ನಾಲ್ಕು ಮೈಲಿ. ಮಗಳನ್ನು ಕೊಟ್ಟ ಊರೂ ಆಚೆ ದಡದಲ್ಲೇ. ನನ್ನ ಭಾಮೈದ ಮೀನುಗಾರರ ಸಹಕಾರ ಸಂಘದ ಸದಸ್ಯ, ಪರವಾನಗಿ ಇಟ್ಟುಕೊಂಡು ಬಲೆ ಬಿಡುತ್ತಾನೆ. ಹೀಗಾಗಿ ಅವನಿಗೆ ಮೀನಿಗೆ, ನನಗೆ ಹೊಲಕ್ಕೆ, ಹೆಂಗಸರಿಗೆ ಮಕ್ಕಳಿಗೆ ಊರಿಂದೂರಿಗೆ, ಎಲ್ಲಕ್ಕೂ ಒಂದೇ ಬಿದಿರಿನ ಹರಿಗೋಲು ಅಂತ ಆಯ್ತು. ಅದೂ ಹಳೇದು, ಅಗ್ಗಕ್ಕೆ ಸಿಕ್ಕಿತ್ತು.

ಗೌರಿ ಹಬ್ಬದ ದಿನ

ಎರಡು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ಮಗಳನ್ನು ಕರೆತರಲು ಹೋದೆವು. ನಾನು, ಭಾಮೈದ, ಮಗಳು, ಇಬ್ಬರು ಮೊಮ್ಮಕ್ಕಳು, ಜೊತೆಗೆ ಬೀಗಿತ್ತಿ. ಆರು ಜನ. ಮೇಲೆ ಒಂದು ಚೀಲ ಶೇಂಗಾ. ಬೆಳಿಗ್ಗೆ ಹೊರಟಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಊಟ ಮಾಡಿ ಹೊರಟೆವು. ಮಧ್ಯಾಹ್ನದ ಗಾಳಿ ಎದ್ದಿತ್ತು.

ಹರಿಗೋಲು ದುಂಡಗಿರೋದರಿಂದ ಗಾಳಿಗೆ ಸುತ್ತುತ್ತದೆ. ಭಾರ ಜಾಸ್ತಿಯಾಗಿ ಅಂಚು ನೀರಿಗೆ ನಾಲ್ಕು ಬೆರಳು ಹತ್ತಿರ ಬಂದಿತ್ತು. ದಡ ಇನ್ನೂ ಒಂದು ಮಾರು ದೂರ ಅನ್ನುವಷ್ಟರಲ್ಲಿ ಅಲ್ಲ, ಸರಿಯಾಗಿ ಅರ್ಧ ದಾರಿಯಲ್ಲಿ, ನೀರಲ್ಲಿ ಮುಳುಗಿದ್ದ ಜಾಲಿ ಮರದ ಕೊನೆ ಅಡಿಗೆ ಚುಚ್ಚಿತು. ಡಾಂಬರು ಬಳಿದ ಹಾಳೆ ಹರೀತು. ನೀರು ಬುಗ್ಗೆ ಹಾಗೆ ಒಳಗೆ ಬಂತು.

ಭಾಮೈದ ಹಳ್ಳದ ದಂಡೆಯಲ್ಲಿ ಈಜು ಕಲಿತವನು. "ಭಾವ, ಚೀಲ ಎಸೀರಿ, ಯಾರೂ ಏಳ್ಬ್ಯಾಡ್ರಿ" ಅಂದವನೇ ನೀರಿಗೆ ಇಳಿದು ಅಂಚು ಹಿಡಿದ. ನಾನು ಶೇಂಗಾ ಚೀಲ ಎಸೆದೆ. ಮಗಳು ಸೆರಗನ್ನು ಹರಿದ ಜಾಗಕ್ಕೆ ತುರುಕಿ ಮೇಲೆ ಕೂತಳು. ದೊಡ್ಡ ಮೊಮ್ಮಗಳು ತಂಬಿಗೆಯಲ್ಲಿ ನೀರು ಮೊಗೆದಳು. ದಡ ಸೇರುವಾಗ ಒಳಗೆ ಮೊಣಕಾಲು ಮಟ್ಟ ನೀರಿತ್ತು. ಹೋದದ್ದು ಒಂದು ಚೀಲ ಶೇಂಗಾ ಮಾತ್ರ. ಆದರೆ ನನ್ನ ಕೈ ಸಂಜೆವರೆಗೂ ನಡುಗುತ್ತಿತ್ತು.

ನಮ್ಮ ಮನೆಯವರು ಅವತ್ತು ಒಂದೇ ಮಾತು ಹೇಳಿದರು: "ಮೀನಿಗೆ ಬೇಕಾದ್ರೆ ಇದ್ರಲ್ಲೇ ಹೋಗ್ರಿ. ಮಕ್ಳನ್ನ ಮಾತ್ರ ಇನ್ನ ಇದ್ರಲ್ಲಿ ಕೂರಿಸ್ಬ್ಯಾಡ್ರಿ."

ಮೂರು ಥರದ ದೋಣಿ

ಆಮೇಲೆ ಆರು ತಿಂಗಳು ವಿಚಾರಿಸಿದೆವು. ನನಗೆ ತಿಳಿದದ್ದು ಹೀಗೆ.

ಬಿದಿರಿನ ಹರಿಗೋಲನ್ನು ನಾನು ಬಯ್ಯುವುದಿಲ್ಲ. ಮೊದಲು ಇದಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಗೇಣು ನೀರಲ್ಲೂ ತೇಲುತ್ತದೆ, ಒಬ್ಬನೇ ಬೆನ್ನ ಮೇಲೆ ಹೊತ್ತುಕೊಂಡು ಹೋಗಬಹುದು, ಒಬ್ಬನೇ ಕೂತು ಬಲೆ ಎತ್ತಲು ಬಹಳ ಅನುಕೂಲ. ಆದರೆ ವರ್ಷ ವರ್ಷ ಡಾಂಬರು ಬಳಿಯಬೇಕು. ನಮ್ಮ ಹಿನ್ನೀರಿನ ಹಾಗೆ ಅಡಿಯಲ್ಲಿ ಜಾಲಿ ಬೊಡ್ಡೆ, ಹಳೇ ತೆಂಗಿನ ಮೋಟು, ಬೇಲಿ ತಂತಿ, ಬದುವಿನ ಕಲ್ಲು ಇರುವ ಕಡೆ ಹರಿಯುವ ಭಯ ಇದ್ದೇ ಇದೆ.

ಎರಡನೆಯದು ಫೈಬರಿನದು. ಫೈಬರ್ ಹರಿಗೋಲೂ ಇದೆ, ಉದ್ದನೆ ದೋಣಿಯೂ ಇದೆ. ನೀರು ಕುಡಿಯುವುದಿಲ್ಲ, ಡಾಂಬರಿನ ಕೆಲಸ ಇಲ್ಲ. ಚೂಪು ಕಲ್ಲಿಗೆ ಜೋರಾಗಿ ಬಡಿದರೆ ಸೀಳುತ್ತದೆ. ಆದರೆ ರಾಳ ಮತ್ತು ನಾರಿನ ಬಟ್ಟೆ ತಂದು ನಾವೇ ತೇಪೆ ಹಾಕಿಕೊಳ್ಳಬಹುದು. ಕಲ್ಲು, ಮೋಟು ಇಲ್ಲದ ಕೆರೆಯವರಿಗೆ ಇದೇ ಸಾಕು ಅಂತ ನನ್ನ ಅಭಿಪ್ರಾಯ.

ಮೂರನೆಯದು ಅಲ್ಯೂಮಿನಿಯಂ ತಗಡಿನ ದೋಣಿ. ಮೋಟಿಗೆ ಬಡಿದರೆ ತಗ್ಗು ಬೀಳುತ್ತದೆ, ಸುಲಭಕ್ಕೆ ತೂತಾಗುವುದಿಲ್ಲ. ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. ಬಿಸಿಲಲ್ಲಿ ಬಿಟ್ಟರೂ ಹಾಳಾಗುವುದಿಲ್ಲ, ಆದರೆ ಕೂತರೆ ಸುಡುತ್ತದೆ, ಗೋಣಿತಾಟು ಹಾಸಬೇಕು. ಹುಟ್ಟು ತಗುಲಿದರೆ ಡಬ್ಬ ಬಡಿದ ಹಾಗೆ ಸದ್ದು, ಮೀನು ಹೆದರುತ್ತದೆ. ಅದಕ್ಕೂ ಗೋಣಿತಾಟೇ ಮದ್ದು. ಬೆಲೆ ಮಾತ್ರ ಮೂರರಲ್ಲಿ ಜಾಸ್ತಿ. ನಮ್ಮ ಕಡೆ ಒಂದು ಜೊತೆ ಒಳ್ಳೇ ಎತ್ತಿನ ಬೆಲೆ ಅಂದುಕೊಳ್ಳಿ.

ಅಮೆರಿಕದವರ ಲೆಕ್ಕ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಫೋನಿನಲ್ಲಿ ಅಮೆರಿಕದ ದೋಣಿಗಳನ್ನು ತೋರಿಸಿದ. ಅಲ್ಲಿನ ಕೆರೆ, ಅಣೆಕಟ್ಟುಗಳಲ್ಲಿ ಬಾಸ್ ಅನ್ನೋ ಮೀನನ್ನು ಗಾಳದಲ್ಲಿ ಹಿಡಿಯುವವರು ಅಲ್ಯೂಮಿನಿಯಂ ದೋಣಿಯನ್ನೇ ಬಹಳ ಇಟ್ಟುಕೊಂಡಿದ್ದಾರೆ. ವಾರವೆಲ್ಲ ಮೀನಿಗೆ, ರಜೆ ದಿನ ಹೆಂಡತಿ ಮಕ್ಕಳ ತಿರುಗಾಟಕ್ಕೆ ಅದೇ ದೋಣಿ. ಅವರ ಕಷ್ಟವೂ ನಮ್ಮದೇ ಅಂತ ಅನ್ನಿಸಿತು.

ನೋಡಿ ಒಂದು ವಿಷಯ ಗೊತ್ತಾಯ್ತು. ಬರೀ ಮೀನಿಗೆ ಅಂತ ಮಾಡಿದ ದೋಣಿಯಲ್ಲಿ ಮುಂದೆ ಹಿಂದೆ ಎತ್ತರದ ಜಗಲಿ ಇರುತ್ತದೆ, ನಿಂತು ಗಾಳ ಎಸೆಯಲು. ಅಂಚು ಗಿಡ್ಡ. ಅದರ ಮೇಲೆ ಮಕ್ಕಳು ಓಡಾಡಿದರೆ ಭಾರ ಮೇಲಕ್ಕೇರಿ ದೋಣಿ ವಾಲುತ್ತದೆ. ಹುಲ್ಲಿನ ಗಾಡಿಗೆ ಎತ್ತರ ಹೇರಿದರೆ ಮಗುಚುವ ಹಾಗೇ. ಮನೆಯವರಿಗೂ ಆಗುವ ದೋಣಿಯಲ್ಲಿ ಕೂರುವ ಜಾಗ ತಗ್ಗಿನಲ್ಲಿರಬೇಕು, ಅಂಚು ಎತ್ತರ ಇರಬೇಕು.

ಇನ್ನೊಂದು ಒಳ್ಳೇ ಪದ್ಧತಿ ಅಲ್ಲಿದೆ. 1971ರಲ್ಲಿ ದೋಣಿ ಸುರಕ್ಷತೆಗೆ ಕಾಯ್ದೆ ಮಾಡಿದ್ದಾರೆ. ಯಂತ್ರ ಕೂರಿಸುವ 20 ಅಡಿಗಿಂತ ಚಿಕ್ಕ ದೋಣಿಗೆ, ಎಷ್ಟು ಜನ, ಎಷ್ಟು ಭಾರ ಅಂತ ಬರೆದ ಫಲಕ ಹಚ್ಚಿಯೇ ಮಾರಬೇಕು. ಫಲಕ ಇಲ್ಲದ ದೋಣಿಗೆ ಒಂದು ಒರಟು ಲೆಕ್ಕವೂ ಇದೆ: ಉದ್ದದ ಅಡಿಯನ್ನು ಅಗಲದ ಅಡಿಯಿಂದ ಗುಣಿಸಿ, 15ರಿಂದ ಭಾಗಿಸಿ. ಬಂದದ್ದು ಜನರ ಸಂಖ್ಯೆ. 14 ಅಡಿ ಉದ್ದ, 5 ಅಡಿ ಅಗಲ ಇದ್ದರೆ 70. ಹದಿನೈದರಿಂದ ಭಾಗಿಸಿದರೆ ನಾಲ್ಕೂವರೆ ಚಿಲ್ಲರೆ. ಅಂದರೆ ನಾಲ್ಕು ಜನ, ಅದೂ ಗಾಳಿ ಇಲ್ಲದಾಗ. ಸಾಮಾನಿದ್ದರೆ ಜನ ಕಮ್ಮಿ. ದುಂಡನೆ ಹರಿಗೋಲಿಗೆ ಈ ಲೆಕ್ಕ ಹೊಂದುವುದಿಲ್ಲ.

ಏಳನೇ ಕ್ಲಾಸು ಓದಿದ ನನಗೂ ಈ ಲೆಕ್ಕ ಬಂತು. 14 ಅಡಿ ದೋಣಿಗೇ ನಾಲ್ಕು ಜನ! ನಾವು ಹಬ್ಬದ ದಿನ ಹಳೇ ಹರಿಗೋಲಿನಲ್ಲಿ ಆರು ಜನ ಕೂತಿದ್ದೆವು.

ಕೊಳ್ಳುವಾಗ ನೋಡಿದ್ದು

ಕೊನೆಗೆ ನಾನು, ಭಾಮೈದ, ಪಕ್ಕದ ಹೊಲದವರು ಮೂರು ಪಾಲು ಹಾಕಿ, 14 ಅಡಿಯ ಅಲ್ಯೂಮಿನಿಯಂ ದೋಣಿ ಮಾಡಿಸಿದೆವು. ನಮ್ಮ ಹಾಗೆ ಮಾಡಿಸುವವರು ಇವನ್ನು ಗಮನಿಸಬೇಕು.

ಅಡಿ: ಚಪ್ಪಟೆ ಅಡಿಯ ದೋಣಿ ಹತ್ತಿ ಇಳಿಯುವಾಗ ಅಲ್ಲಾಡುವುದು ಕಮ್ಮಿ, ಕಮ್ಮಿ ನೀರಿಗೂ ಬರುತ್ತದೆ. ಅಲೆ ಎದ್ದರೆ ಮಾತ್ರ ದಪ್ ದಪ್ ಬಡಿಯುತ್ತದೆ, ನೀರು ಎರಚುತ್ತದೆ. ಅಡಿ ಮಧ್ಯೆ ಚೂಪಾದದ್ದು ಅಲೆ ಸೀಳುತ್ತದೆ, ಆದರೆ ನಿಂತಾಗ ವಾಲುತ್ತದೆ. ನಾವು ಗಾಳಿ ಎದ್ದಾಗ ಹೋಗುವುದೇ ಇಲ್ಲ ಅಂತ ತೀರ್ಮಾನ ಮಾಡಿ ಚಪ್ಪಟೆ ಅಡಿ ಆರಿಸಿದೆವು. ಮೂತಿಯ ಕಡೆ ಮಾತ್ರ ಸ್ವಲ್ಪ ಮೇಲಕ್ಕೆ ಬಾಗಿಸಿದ್ದಾರೆ.

ತಗಡು: ಪಾತ್ರೆ ತಗಡು ಬೇಡ. ನೀರಿಗೆ ತಡೆಯುವ ಮಿಶ್ರಲೋಹದ ಹಾಳೆ ಬೇರೆ ಇದೆ. 5052, 5083 ಅಂತ ಅದರ ನಂಬರು. ಕೇಳಿ ಬರೆಸಿಕೊಳ್ಳಿ. ರಿವೆಟ್ ಹೊಡೆದದ್ದಾದರೆ ವರ್ಷ ಕಳೆದ ಮೇಲೆ ಸಡಿಲಾಗಿ ಸೋರಬಹುದು. ನಾವು ವೆಲ್ಡಿಂಗ್ ಮಾಡಿಸಿದೆವು. ನೆನಪಿರಲಿ, ನೇಗಿಲು ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಇದು ಆಗುವುದಿಲ್ಲ, ಆರ್ಗಾನ್ ಗ್ಯಾಸಿನ ವೆಲ್ಡಿಂಗ್ ಇರುವ ಪಟ್ಟಣಕ್ಕೆ ಒಯ್ಯಬೇಕು.

ತೇಲುವ ಪೆಟ್ಟಿಗೆ: ಇದು ಎಲ್ಲಕ್ಕಿಂತ ಮುಖ್ಯ. ನೀರು ತುಂಬಿದ ತಗಡಿನ ದೋಣಿ ತಂಬಿಗೆ ಹಾಗೆ ತಳ ಸೇರುತ್ತದೆ. ಕೂರುವ ಹಲಗೆಯ ಕೆಳಗೆ ಮುಚ್ಚಿದ ಪೆಟ್ಟಿಗೆ ಮಾಡಿ ಥರ್ಮೋಕೋಲ್ ತುಂಬಬೇಕು. ಒಂದು ಘನ ಅಡಿ ಥರ್ಮೋಕೋಲ್ ಸುಮಾರು 27 ಕಿಲೊ ಎತ್ತಿ ಹಿಡಿಯುತ್ತದೆ. ನಾವು 8 ಘನ ಅಡಿ ಕೇಳಿದ್ದೆವು. ದೋಣಿ ತಂದ ದಿನವೇ ಸೊಂಟದ ಮಟ್ಟದ ನೀರಲ್ಲಿ ಇಳಿಸಿ, ಬಿಂದಿಗೆಯಿಂದ ನೀರು ತುಂಬಿ ನೋಡಿದೆವು. ಹಿಂಭಾಗ ಮುಳುಗಿತು! ಬಿಚ್ಚಿದರೆ ಹಿಂದಿನ ಪೆಟ್ಟಿಗೆ ಖಾಲಿ. ಮಾಡಿದವರು ಮರೆತೆವು ಅಂದರು, ವಾಪಸು ಒಯ್ದು ತುಂಬಿಸಿಕೊಂಡು ಬಂದೆವು. ಪರೀಕ್ಷೆ ಮಾಡದಿದ್ದರೆ ನಮಗೆ ಗೊತ್ತಾಗುತ್ತಿದ್ದುದು ನಡುನೀರಿನಲ್ಲಿ. ಇನ್ನೊಂದು ಮಾತು, ಪೆಟ್ರೋಲು ಬಿದ್ದರೆ ಥರ್ಮೋಕೋಲ್ ಕರಗಿಹೋಗುತ್ತದೆ. ಪೆಟ್ಟಿಗೆಗೆ ಸಂದಿ ಇರಬಾರದು.

ಭಾರದ ಪರೀಕ್ಷೆ: ಮಕ್ಕಳನ್ನು ಕೂರಿಸುವ ಮೊದಲು 50 ಕಿಲೊದ ಮರಳು ಚೀಲ ಕೂರಿಸಿ. ಒಬ್ಬ ಆಳಿಗೆ ಒಂದೂವರೆ ಚೀಲ. ಅಷ್ಟು ಹೇರಿದ ಮೇಲೂ ಅಂಚು ನೀರಿನಿಂದ ಒಂದೂವರೆ ಗೇಣು ಮೇಲಿರಬೇಕು ಅಂತ ನಾವು ಗುರುತು ಹಾಕಿದ್ದೇವೆ. ಹೊರಗೆ ಕೆಂಪು ಬಣ್ಣದ ಗೆರೆ ಎಳೆದಿದ್ದೇವೆ. ಗೆರೆ ಮುಳುಗಿದರೆ ಒಬ್ಬರು ಇಳೀಬೇಕು, ಯಾರಾದರೂ ಸರಿ.

ಹೊಲದವರು ಮಾಡುವ ತಪ್ಪು

ನಾವು ರೈತರು, ದೋಣಿ ಸಿಕ್ಕಿದರೆ ಎಲ್ಲವನ್ನೂ ಹೇರುತ್ತೇವೆ. ಅಲ್ಯೂಮಿನಿಯಂ ದೋಣಿಯಲ್ಲಿ ಮೈಲುತುತ್ತ, ಬೋರ್ಡೊ ದ್ರಾವಣ ಒಯ್ಯಬೇಡಿ. ತೋಟದವರಿಗೆ ಗೊತ್ತೇ ಇದೆ, ಬೋರ್ಡೊವನ್ನು ಲೋಹದ ಪಾತ್ರೆಯಲ್ಲಿ ಕಲಸುವುದಿಲ್ಲ. ತಾಮ್ರದ ಅಂಶ ಅಲ್ಯೂಮಿನಿಯಂ ತಿಂದುಹಾಕುತ್ತದೆ. ಒದ್ದೆ ಸುಣ್ಣ, ಒದ್ದೆ ಸಿಮೆಂಟೂ ಹಾಗೇ. ರಸಗೊಬ್ಬರ ಚೆಲ್ಲಿದರೆ ಅವತ್ತೇ ತೊಳೆಯಿರಿ. ಬರೀ ಕಬ್ಬಿಣದ ಬೋಲ್ಟು ಹಾಕಿದರೆ ಅದರ ಸುತ್ತ ತಗಡು ಸವೆಯುತ್ತದೆ. ಸ್ಟೇನ್‌ಲೆಸ್ ಬೋಲ್ಟು ಹಾಕಿ, ನಡುವೆ ರಬ್ಬರ್ ವಾಷರ್ ಕೊಡಿ.

ಇಂಜಿನ್ ಬೇಕೇ? ನಾವು ಎರಡು ಹುಟ್ಟಿನಲ್ಲೇ ಇದ್ದೇವೆ. ಎರಡು ಫರ್ಲಾಂಗಿಗೆ ಸಾಕು. ಇಂಜಿನ್ ಕೂರಿಸಿದರೆ ಹಿಂದೆ ಭಾರ ಬೀಳುತ್ತದೆ, ಒಳನಾಡು ಜಲಸಾರಿಗೆಯ 2021ರ ಕಾಯ್ದೆ ಪ್ರಕಾರ ನೋಂದಣಿಯ ವಿಚಾರವೂ ಬರುತ್ತದೆ. ಮೀನು ಹಿಡಿಯುವ ಪರವಾನಗಿ ಬೇರೆ, ಬಾಡಿಗೆಗೆ ಜನರನ್ನು ದಾಟಿಸುವುದು ಬೇರೆ. ಎರಡನೆಯದಕ್ಕೆ ನಾವು ಕೈ ಹಾಕಿಲ್ಲ. ಸಹಾಯಧನದ ವಿಷಯವನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲೇ ಕೇಳಿ, ಕೊಂಡ ಮೇಲಲ್ಲ, ಕೊಳ್ಳುವ ಮೊದಲು.

ದೋಣಿ ಎಂಥದ್ದೇ ಆಗಲಿ, ಲೈಫ್ ಜಾಕೆಟ್ ಬೇಕೇ ಬೇಕು. ದೊಡ್ಡವರದ್ದು ಮಕ್ಕಳಿಗೆ ಆಗುವುದಿಲ್ಲ, ನೀರಿಗೆ ಬಿದ್ದರೆ ಮೇಲಿಂದ ಜಾರಿಹೋಗುತ್ತದೆ. ಮಕ್ಕಳ ಅಳತೆಯದ್ದು, ಕಾಲುಸಂದಿಯಲ್ಲಿ ಪಟ್ಟಿ ಇರುವುದೇ ತನ್ನಿ.

ನನಗೆ ತಿಳಿದದ್ದು

ಒಂದೇ ದೋಣಿ ಎರಡೂ ಕೆಲಸಕ್ಕೆ ಬೇಕಾದರೆ ಮಕ್ಕಳಿಗೆ ಆಗುವುದನ್ನು ಮೊದಲು ಆರಿಸಿ. ಅದರಲ್ಲಿ ಮೀನು ಹಿಡಿಯಬಹುದು, ಸ್ವಲ್ಪ ಅನಾನುಕೂಲ ಆಗುತ್ತದೆ ಅಷ್ಟೇ. ಮೀನಿಗೆ ಅಂತ ತಂದದ್ದರಲ್ಲಿ ಮಕ್ಕಳನ್ನು ಕೂರಿಸಿದರೆ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ. ನಮ್ಮ ಭಾಮೈದ ಈಗಲೂ ಮೋಟಿಲ್ಲದ ಕಡೆ ಜಿಲೇಬಿ ಮೀನಿಗೆ ಬಲೆ ಬಿಡಲು ಒಬ್ಬನೇ ಹರಿಗೋಲಿನಲ್ಲೇ ಹೋಗುತ್ತಾನೆ. ಕಾಟ್ಲಾ, ರೋಹುವಿನ ದೊಡ್ಡ ಬಲೆಗೆ ಅಲ್ಯೂಮಿನಿಯಂ ದೋಣಿ.

ಈ ಸಲ ಗೌರಿ ಹಬ್ಬಕ್ಕೆ ಮತ್ತೆ ಆರು ಜನ ಇದ್ದೆವು. ಬೆಳಿಗ್ಗೆ ಏಳಕ್ಕೇ ಹೊರಟೆವು. ಬೀಗಿತ್ತಿ, "ದೋಣಿ ದೊಡ್ಡದೈತಲ್ಲ, ಒಂದೇ ಸಲ ಹೋಗಾಣ" ಅಂದರು. ದೊಡ್ಡ ಮೊಮ್ಮಗಳು ಬೆರಳು ಮಡಿಸಿ ಎಣಿಸಿ, "ತಾತ, ನಾಕೇ ಜನ" ಅಂದಳು. ಎರಡು ಸಲ ಹೋಗಿ ಬಂದೆವು. ಅರ್ಧ ಗಂಟೆ ತಡವಾಯ್ತು. ಬೀಗಿತ್ತಿಗೆ ಸ್ವಲ್ಪ ಬೇಜಾರೂ ಆಯ್ತು. ಶೇಂಗಾ ಚೀಲ ಈ ಸಲ ಮನೆ ಸೇರಿತು.

ಬೇರೆ ಹಿನ್ನೀರಿನ ಊರುಗಳ ರೈತರು ಯಾವ ದೋಣಿ ಇಟ್ಟುಕೊಂಡಿದ್ದೀರಿ, ಏನು ತೊಂದರೆ ಬಂತು, ಪತ್ರಿಕೆಗೆ ಬರೆಯಿರಿ. ನಮಗೂ ಕಲಿಯುವುದು ಇನ್ನೂ ಇದೆ.